ಗಸಿ ಉಳಿಸಿದವರ ಅರ್ಧ ಶತಮಾನ

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ತಯಾರಿಸಿಕೊಳ್ಳಲು ಕಾನೂನಿನ ಒಪ್ಪಿಗೆ ಸಿಕ್ಕಿ ಅರ್ಧ ಶತಮಾನ ಸಮೀಪಿಸುತ್ತಿದೆ. 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮಸೂದೆ 1979ರ ಫೆಬ್ರವರಿ 1ರಂದು ಜಾರಿಗೆ ಬಂತು. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್. ತೆರಿಗೆಯಿಲ್ಲ, ಮಾರುವಂತೆಯೂ ಇಲ್ಲ. ಪಾನನಿಷೇಧ 1933ರಲ್ಲಿ ಮುಗಿದಾಗ ಮನೆಯ ವೈನ್‌ಗೆ ಸಿಕ್ಕಿದ್ದ ವಿನಾಯಿತಿ ಬಿಯರ್‌ಗೆ ದಕ್ಕಲು ನಾಲ್ಕೂವರೆ ದಶಕ ಹಿಡಿಯಿತು. ಅದಾದ ಮೇಲೂ ರಾಜ್ಯಗಳು ಒಂದೊಂದಾಗಿ ಒಪ್ಪಬೇಕಿತ್ತು. ಕೊನೆಯ ಎರಡು ರಾಜ್ಯಗಳಾದ ಮಿಸಿಸಿಪ್ಪಿ ಮತ್ತು ಅಲಬಾಮಾ ಒಪ್ಪಿದ್ದು 2013ರಲ್ಲಿ. ಬ್ರಿಟನ್ ಇದಕ್ಕಿಂತ ಮುಂಚೆಯೇ ಬಾಗಿಲು ತೆರೆದಿತ್ತು. 1880ರಿಂದ ಮನೆಬಿಯರ್‌ಗೆ ಬೇಕಾಗಿದ್ದ ಪರವಾನಗಿಯನ್ನು ಅರ್ಥಸಚಿವ ರೆಜಿನಾಲ್ಡ್ ಮಾಡ್ಲಿಂಗ್ 1963ರ ಬಜೆಟ್ಟಿನಲ್ಲಿ ತೆಗೆದುಹಾಕಿದರು.

ಈ ಹವ್ಯಾಸ ಎಷ್ಟು ಬೆಳೆಯಿತು ಎಂದು ಅಳೆಯಲು ಬೇರೆ ಬೇರೆ ಅಳತೆಗೋಲುಗಳಿವೆ. ಅಡುಗೆಮನೆಯಲ್ಲಿ ಕಲಿತವರು ಎಷ್ಟು ಜನ ಬ್ರೂವರಿ ತೆರೆದರು, ಎಷ್ಟು ಬಗೆಯ ಹಾಪ್ಸ್ ಮಾರುಕಟ್ಟೆಗೆ ಬಂತು, ಎಷ್ಟು ಮರೆತ ಶೈಲಿಗಳು ಮರಳಿ ಬಂದವು ಎಂದು ಲೆಕ್ಕ ಹಾಕುವವರಿದ್ದಾರೆ. ನಾವು ಇಲ್ಲಿ ಒಂದೇ ಅಳತೆಗೋಲು ಹಿಡಿದು ಹಿಂತಿರುಗಿ ನೋಡುತ್ತಿದ್ದೇವೆ: ಬಿಯರ್ ಬಸಿದುಕೊಂಡ ಮೇಲೆ ಪಾತ್ರೆಯ ತಳದಲ್ಲಿ ಉಳಿಯುವ ಗಸಿಯನ್ನು ಈ ಜನ ಏನು ಮಾಡಿದರು? ಚೆಲ್ಲಿದರೋ, ಮುಂದಿನ ಬ್ಯಾಚ್‌ಗೆ ತೆಗೆದಿಟ್ಟರೋ? ತೆಗೆದಿಟ್ಟವರು ಅದನ್ನು ಎಷ್ಟು ತಿಳಿವಳಿಕೆಯಿಂದ ಮಾಡಿದರು? ಸಣ್ಣದಾಗಿ ಕಾಣುವ ಈ ಪ್ರಶ್ನೆಯಲ್ಲಿ ಬಿಯರ್‌ನ ಇಡೀ ಇತಿಹಾಸ ಅಡಗಿದೆ ಎಂಬುದು ನಮ್ಮ ನಂಬಿಕೆ.

ಮೊದಲು ಗಸಿ ಎಂದರೇನು ಎಂದು ನೋಡೋಣ. ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಅದನ್ನು ಒಡೆದು ಬಿಸಿನೀರಿನಲ್ಲಿ ನೆನೆಸಿ ಸೋಸಿದರೆ ಬರುವ ಸಿಹಿ ರಸಕ್ಕೆ ವರ್ಟ್ ಎನ್ನುತ್ತಾರೆ. ಅದನ್ನು ಹಾಪ್ಸ್ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಜೊತೆಗೆ ತಾನೂ ಕೆಲವು ಪಟ್ಟು ಹೆಚ್ಚುತ್ತದೆ. ಕೆಲಸ ಮುಗಿದಾಗ ಕೋಶಗಳು ಒಂದಕ್ಕೊಂದು ಅಂಟಿಕೊಂಡು ತಳ ಸೇರುತ್ತವೆ. ಅಂದರೆ ಬ್ರೂವರ್ ಹಾಕಿದ್ದಕ್ಕಿಂತ ಹೆಚ್ಚು ಯೀಸ್ಟ್ ಅವನಿಗೆ ವಾಪಸ್ಸು ಸಿಗುತ್ತದೆ. ಬಿಯರ್‌ಗೆ ಬೇಕಾದ ನಾಲ್ಕು ಸಾಮಗ್ರಿಗಳಲ್ಲಿ ನೀರು, ಮಾಲ್ಟ್, ಹಾಪ್ಸ್ ಮೂರೂ ಮುಗಿದುಹೋಗುವಂಥವು. ಬೆಳೆದು ಮರಳಿ ಕೈಗೆ ಬರುವುದು ಯೀಸ್ಟ್ ಒಂದೇ. ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪು ಹಾಕುವ ನಮ್ಮ ಮನೆಗಳಿಗೆ ಈ ತತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶತಮಾನಗಳ ಕಾಲ ಬಿಯರ್ ಆಗಿದ್ದು ಹೀಗೆಯೇ. ಬವೇರಿಯಾದ ಪ್ರಸಿದ್ಧ ಶುದ್ಧತೆಯ ಕಟ್ಟಳೆ ಹೊರಟದ್ದು 1516ರಲ್ಲಿ. ಅದರಲ್ಲಿ ಬಾರ್ಲಿ, ಹಾಪ್ಸ್, ನೀರು ಇವೆ, ಯೀಸ್ಟಿನ ಹೆಸರಿಲ್ಲ. ಅದು ಏನೆಂದು ಬಲ್ಲವರು ಆಗ ಯಾರೂ ಇರಲಿಲ್ಲ. 1680ರಲ್ಲಿ ಹಾಲೆಂಡಿನ ಲೇವೆನ್‌ಹುಕ್ ತನ್ನ ಸೂಕ್ಷ್ಮದರ್ಶಕದಲ್ಲಿ ಬಿಯರ್‌ನೊಳಗಿನ ಪುಟ್ಟ ಗೋಲಗಳನ್ನು ಕಂಡರೂ ಅವು ಜೀವಿಗಳೆಂದು ಗುರುತಿಸಲಿಲ್ಲ. ಅವಕ್ಕೆ ಜೀವವಿದೆ ಎಂದು ಶ್ವಾನ್ ಮೊದಲಾದವರು ತೋರಿಸಿಕೊಟ್ಟದ್ದು 1830ರ ದಶಕದ ಕೊನೆಯಲ್ಲಿ. ಹುದುಗುವಿಕೆ ಜೀವಿಗಳ ಕೆಲಸ ಎಂಬ ಮಾತನ್ನು ಪಾಶ್ಚರ್ ಗಟ್ಟಿಮಾಡಿದ್ದು ಅದಕ್ಕೂ ಈಚೆಗೆ. ಬಿಯರ್ ಕುರಿತ ಅವನ ಗ್ರಂಥ ಬಂದದ್ದು 1876ರಲ್ಲಿ. ಇಷ್ಟರಲ್ಲಿ ಹೆಸರು ಕುಲ ತಿಳಿಯದೆಯೇ ಜನ ಅದನ್ನು ನೊರೆಯಿಂದ ಎತ್ತಿ, ತಳದಿಂದ ಮೊಗೆದು, ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ದಾಟಿಸುತ್ತಲೇ ಬಂದಿದ್ದರು.

ಈ ದಾಟಿಸುವಿಕೆಯ ಅತ್ಯಂತ ಪ್ರಸಿದ್ಧ ಪ್ರಯಾಣ 1845ರದು. ಡೆನ್ಮಾರ್ಕಿನ ಬ್ರೂವರ್ ಜೆ. ಸಿ. ಜೇಕಬ್‌ಸನ್ ಮ್ಯೂನಿಕ್‌ನ ಶ್ಪಾಟೆನ್ ಬ್ರೂವರಿಯಲ್ಲಿ ಗೇಬ್ರಿಯಲ್ ಸೆಡ್ಲ್‌ಮಯರ್ ಕೊಟ್ಟ ಲಾಗರ್ ಯೀಸ್ಟನ್ನು ಡಬ್ಬಿಗಳಲ್ಲಿ ತುಂಬಿಕೊಂಡು ಕೋಪನ್‌ಹೇಗನ್‌ಗೆ ಹೊರಟ. ಕುದುರೆಗಾಡಿ ನಿಂತಲ್ಲೆಲ್ಲ ಇಳಿದು ಡಬ್ಬಿಗಳಿಗೆ ತಣ್ಣೀರು ಹೊಯ್ದು ತಂಪು ಮಾಡಿದ ಎಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. 1847ರಲ್ಲಿ ಅವನು ಸ್ಥಾಪಿಸಿದ ಕಾರ್ಲ್ಸ್‌ಬರ್ಗ್ ಆ ಯೀಸ್ಟನ್ನೇ ಬ್ಯಾಚಿನಿಂದ ಬ್ಯಾಚಿಗೆ ದಾಟಿಸುತ್ತ ಬೆಳೆಯಿತು.

ಮರುಬಳಕೆಗೆ ಇನ್ನೊಂದು ಮುಖವೂ ಇದೆ ಎಂದು ತಿಳಿದುಬಂದದ್ದು ಅಲ್ಲೇ. 1880ರ ದಶಕದ ಆರಂಭದಲ್ಲಿ ಕಾರ್ಲ್ಸ್‌ಬರ್ಗಿನ ಬಿಯರ್ ಕೆಡತೊಡಗಿತು. 1875ರಲ್ಲಿ ಜೇಕಬ್‌ಸನ್ ಕಟ್ಟಿಸಿದ್ದ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಕಾರಣ ಹುಡುಕಲು ಕುಳಿತ. ಬಿಯರ್ ಕೆಡಿಸುವವು ಬ್ಯಾಕ್ಟೀರಿಯಾ ಎಂದು ಪಾಶ್ಚರ್ ಹೇಳಿದ್ದ. ಯೀಸ್ಟಿನಲ್ಲೇ ಕೆಟ್ಟ ಕುಲಗಳಿರಬಹುದು ಎಂದು ಹ್ಯಾನ್ಸನ್ ತೋರಿಸಿದ. ತಲೆಮಾರುಗಳಿಂದ ದಾಟಿ ಬಂದ ಗಸಿಯಲ್ಲಿ ಕಾಡು ಯೀಸ್ಟ್ ಸೇರಿಕೊಂಡಿತ್ತು. ಗಸಿಯನ್ನು ಮತ್ತೆ ಮತ್ತೆ ತೆಳುಮಾಡಿ, ಒಂದೇ ಒಂದು ಕೋಶವನ್ನು ಬೇರ್ಪಡಿಸಿ, ಅದರಿಂದಲೇ ಇಡೀ ಸಂತತಿಯನ್ನು ಬೆಳೆಸಿದ. 1883ರ ನವೆಂಬರ್‌ನಲ್ಲಿ ಆ ಶುದ್ಧ ಸಂತತಿ ಬ್ರೂವರಿಯ ಪಾತ್ರೆಗೆ ಇಳಿಯಿತು. ಜೇಕಬ್‌ಸನ್ ಅದನ್ನು ತನ್ನ ಗುಟ್ಟಾಗಿ ಇಟ್ಟುಕೊಳ್ಳದೆ ಕೇಳಿದ ಬ್ರೂವರಿಗಳಿಗೆಲ್ಲ ಹಂಚಿದ. ತನಗೆ ಮ್ಯೂನಿಕ್‌ನಲ್ಲಿ ಸಿಕ್ಕ ಔದಾರ್ಯವನ್ನು ಅವನು ಹೀಗೆ ತೀರಿಸಿದ. ಬಿಯರ್‌ನ ಇತಿಹಾಸದಲ್ಲಿ ನಾವು ಅತಿ ಹೆಚ್ಚು ಗೌರವಿಸುವ ಪ್ರಸಂಗ ಇದು.

ಶುದ್ಧ ಸಂತತಿಯಿಂದ ಬಂದ ಲಾಭ ದೊಡ್ಡದು: ಒಂದೇ ರುಚಿ, ಕಡಿಮೆ ನಷ್ಟ. ಆದರೆ ಯೀಸ್ಟ್ ಕ್ರಮೇಣ ಪ್ರಯೋಗಾಲಯದ ಸೊತ್ತಾಯಿತು. ಕೈಯಿಂದ ಕೈಗೆ ದಾಟುವ ಅಭ್ಯಾಸ ಮನೆಗಳಲ್ಲಿ, ಹಳ್ಳಿಗಳಲ್ಲಿ ಸವೆದುಹೋಯಿತು. 1978ರ ಹೊತ್ತಿಗೆ ಅಮೆರಿಕದ ಮನೆಬಿಯರ್ ಮಾಡುವವನ ಕೈಗೆ ಸಿಗುತ್ತಿದ್ದುದು ಮಾಲ್ಟ್ ಪಾಕದ ಡಬ್ಬಿಯ ಮುಚ್ಚಳದಡಿ ಇಟ್ಟ ಒಣ ಯೀಸ್ಟಿನ ಪುಟ್ಟ ಪೊಟ್ಟಣ. ಯಾವ ತಳಿ, ಎಷ್ಟು ಹಳೆಯದು, ಎಷ್ಟು ಜೀವಂತ ಎಂಬುದಕ್ಕೆ ಉತ್ತರವಿರಲಿಲ್ಲ. ಸಿಕ್ಕಿದ್ದನ್ನು ಸುರಿದು ದೇವರ ಮೇಲೆ ಭಾರ ಹಾಕುವ ಕಾಲ ಅದು. ಅಂಥ ಕಾಲದಲ್ಲಿ ಗಸಿ ಉಳಿಸುವ ಮಾತೆಲ್ಲಿ?

ಆ ವರ್ಷಗಳ ಬರಹಗಳಲ್ಲಿ ಗಸಿಯನ್ನು ಅಪಾಯವೆಂದೇ ಕಾಣುತ್ತಿದ್ದರು. ಸತ್ತ ಕೋಶಗಳು ಒಡೆದು ಬಿಯರ್‌ಗೆ ಮಾಂಸದ ಸಾರಿನಂಥ ವಾಸನೆ ತರುತ್ತವೆ ಎಂಬ ಭಯದಿಂದ ಹುದುಗುವಿಕೆ ನಿಂತ ಕೂಡಲೇ ಬಿಯರನ್ನು ಇನ್ನೊಂದು ಪಾತ್ರೆಗೆ ವರ್ಗಾಯಿಸುವುದು ನಿಯಮವಾಗಿತ್ತು. ದೊಡ್ಡ ಬ್ರೂವರಿಯ ಎತ್ತರದ ಟ್ಯಾಂಕಿನಲ್ಲಿ ಆ ಭಯಕ್ಕೆ ಆಧಾರವಿದೆ. ಅಲ್ಲಿ ಒತ್ತಡವೂ ಶಾಖವೂ ತಳದ ಯೀಸ್ಟನ್ನು ಬೇಗ ಕೊಲ್ಲುತ್ತವೆ. ಐದು ಗ್ಯಾಲನ್ನಿನ ಬಕೆಟ್ಟಿನಲ್ಲಿ ಕೆಲವು ವಾರ ಗಸಿಯ ಮೇಲೆಯೇ ಬಿಯರ್ ಇದ್ದರೆ ತೊಂದರೆಯಿಲ್ಲ ಎಂದು ಮನೆಯವರು ಮಾಡಿ ನೋಡಿಯೇ ಕಂಡುಕೊಂಡರು. ಇಂದು ಆ ವರ್ಗಾವಣೆಯನ್ನು ಬಹುತೇಕರು ಬಿಟ್ಟಿದ್ದಾರೆ. ಗಸಿಯ ಮೇಲಿನ ಭಯ ಹೋದದ್ದು ಅದನ್ನು ಉಳಿಸುವ ಕಡೆಗೆ ಇಟ್ಟ ಮೊದಲ ಹೆಜ್ಜೆ.

ಎರಡನೆಯ ಹೆಜ್ಜೆಗೆ ಕಾರಣ ಒಳ್ಳೆಯ ಯೀಸ್ಟ್ ದೊರೆಯತೊಡಗಿದ್ದು. 1978ರಲ್ಲೇ ಕೊಲರಾಡೊದ ಬೋಲ್ಡರ್‌ನಲ್ಲಿ ಚಾರ್ಲಿ ಪಪಾಜಿಯನ್ ಮತ್ತು ಗೆಳೆಯರು ಅಮೆರಿಕನ್ ಹೋಮ್‌ಬ್ರೂವರ್ಸ್ ಅಸೋಸಿಯೇಷನ್ ಕಟ್ಟಿದ್ದರು. 1984ರಲ್ಲಿ ಬಂದ ಪಪಾಜಿಯನ್ನರ ಕೈಪಿಡಿ ಒಂದು ಪೀಳಿಗೆಗೇ ಧೈರ್ಯ ಕೊಟ್ಟಿತು. 1986ರಲ್ಲಿ ಆರೆಗಾನ್‌ನಲ್ಲಿ ವೈಯೀಸ್ಟ್, 1995ರಲ್ಲಿ ಸ್ಯಾನ್ ಡಿಯೇಗೊದಲ್ಲಿ ವೈಟ್ ಲ್ಯಾಬ್ಸ್ ಶುರುವಾದವು. ಇಂಗ್ಲಿಷ್ ಏಲ್, ಬೆಲ್ಜಿಯನ್, ಬವೇರಿಯದ ಗೋಧಿ ಬಿಯರ್ ಎಂದು ತಳಿವಾರು ದ್ರವ ಯೀಸ್ಟ್ ಮನೆಗೇ ಬರತೊಡಗಿತು. ಬಾಟಲಿಯಲ್ಲೇ ಯೀಸ್ಟ್ ಉಳಿಸಿ ಮಾರುವ ಬಿಯರ್‌ಗಳೂ ಇದ್ದವು. ಕ್ಯಾಲಿಫೋರ್ನಿಯಾದ ಚೀಕೊ ಊರಿನ ಸಿಯೆರಾ ನೆವಾಡಾ ಬಾಟಲಿಯ, ಆಸ್ಟ್ರೇಲಿಯಾದ ಕೂಪರ್ಸ್ ಬಾಟಲಿಯ ತಳದ ಚಿಟಿಕೆಯಷ್ಟು ಗಸಿಯನ್ನು ಸಿಹಿ ವರ್ಟ್‌ನಲ್ಲಿ ಹಂತಹಂತವಾಗಿ ಬೆಳೆಸಿ ಬಕೆಟ್ಟಿಗೆ ಸಾಕಾಗುವಷ್ಟು ಮಾಡಿಕೊಂಡವರು ಎಷ್ಟೋ ಮಂದಿ.

ಒಳ್ಳೆಯ ಯೀಸ್ಟ್ ಬಂದಾಗ ಅದರ ಬೆಲೆಯೂ ಜೊತೆಗೆ ಬಂತು. ಈಗ ದ್ರವ ಯೀಸ್ಟಿನ ಒಂದು ಪೊಟ್ಟಣ ಹತ್ತು ಡಾಲರ್ ದಾಟಿದೆ. ಬೆಲೆಗಿಂತ ಮುಖ್ಯವಾದದ್ದು ಎಣಿಕೆ. ಏಲ್‌ಗೆ ಪ್ರತಿ ಮಿಲಿಲೀಟರಿಗೆ, ಪ್ರತಿ ಡಿಗ್ರಿ ಪ್ಲೇಟೋಗೆ ಏಳೂವರೆ ಲಕ್ಷ ಕೋಶ ಬೇಕು ಎಂಬುದು ಸಾಮಾನ್ಯ ಸೂತ್ರ. ಲಾಗರ್‌ಗೆ ಇದರ ಎರಡರಷ್ಟು. ಪ್ಲೇಟೋ ಎಂದರೆ ವರ್ಟ್‌ನ ಸಕ್ಕರೆಯ ಅಳತೆ. 12 ಡಿಗ್ರಿಯ 19 ಲೀಟರ್ ಏಲ್‌ಗೆ ಈ ಲೆಕ್ಕದಲ್ಲಿ ಸುಮಾರು 17,000 ಕೋಟಿ ಕೋಶ ಬೇಕು. ಹೊಸ ಪೊಟ್ಟಣದಲ್ಲಿರುವುದು ಸುಮಾರು 10,000 ಕೋಟಿ, ಅದೂ ತಾಜಾ ಆಗಿದ್ದರೆ. ಹಿಂದಿನ ಬ್ಯಾಚಿನ ದಪ್ಪ ಗಸಿಯಲ್ಲಾದರೋ ಮಿಲಿಲೀಟರಿಗೆ ಸುಮಾರು 100 ಕೋಟಿ ಕೋಶಗಳಿರುತ್ತವೆ. ಒಂದು ಲೋಟದಷ್ಟು ಗಸಿ ಸಾಕು. ಕೊಂಡದ್ದು ಸಾಲದು, ಚೆಲ್ಲುತ್ತಿರುವುದು ಬೇಕಾದಷ್ಟಿದೆ ಎಂದು ಈ ಲೆಕ್ಕ ಸ್ಪಷ್ಟವಾಗಿ ಹೇಳಿತು. ಯೀಸ್ಟ್ ಕಡಿಮೆ ಬಿದ್ದರೆ ಅದು ತಡವಾಗಿ ಎದ್ದು, ಒತ್ತಡದಲ್ಲಿ ದುಡಿದು, ಬೇಡದ ವಾಸನೆಗಳನ್ನು ಬಿಡುತ್ತದೆ ಎಂಬ ತಿಳಿವಳಿಕೆಯೂ ಇದೇ ಕಾಲದಲ್ಲಿ ಹರಡಿತು. ವೈಟ್ ಲ್ಯಾಬ್ಸ್‌ನ ಕ್ರಿಸ್ ವೈಟ್ ಮತ್ತು ಮನೆಬಿಯರ್ ಲೋಕದ ಜಮೀಲ್ ಝೈನಶೆಫ್ 2010ರಲ್ಲಿ ಯೀಸ್ಟ್ ಕುರಿತೇ ಬರೆದ ಪುಸ್ತಕ ಬ್ರೂವರಿಯ ವಿದ್ಯೆಯನ್ನು ಅಡುಗೆಮನೆಗೆ ತಂದಿತು.

ಈಗ ಆ ಅಡುಗೆಮನೆಯ ಕಟ್ಟೆಯ ಮೇಲೇ ನೋಡೋಣ. ಬಿಯರನ್ನು ಬಾಟಲಿಗೋ ಕೆಗ್ಗಿಗೋ ಇಳಿಸಿಯಾಗಿದೆ. ಬಕೆಟ್ಟಿನ ತಳದಲ್ಲಿ ಎರಡು ಬೆರಳು ದಪ್ಪದ ಕೆಸರು. ಅದರ ಮೇಲೆ ಸ್ವಲ್ಪ ಬಿಯರ್ ಬಿಟ್ಟಿದ್ದಾರೆ. ಬಕೆಟ್ಟನ್ನು ಮೆಲ್ಲಗೆ ತಿರುಗಿಸಿ ಗಸಿಯನ್ನು ಕದಡಿ, ಸ್ಯಾನಿಟೈಸರ್‌ನಲ್ಲಿ ಅದ್ದಿದ ಗಾಜಿನ ಜಾಡಿಗೆ ಸುರಿಯುತ್ತಾರೆ. ಜಾಡಿ ಫ್ರಿಜ್ಜಿನಲ್ಲಿ ಒಂದು ರಾತ್ರಿ ನಿಂತರೆ ಪದರಗಳು ತಾವಾಗಿ ಬೇರೆಯಾಗುತ್ತವೆ. ಎಲ್ಲಕ್ಕಿಂತ ಕೆಳಗೆ ಕಂದುಹಸಿರು ಬಣ್ಣದ ಹಾಪ್ಸ್ ಚೂರು, ಹೆಪ್ಪುಗಟ್ಟಿದ ಪ್ರೋಟೀನು. ಅದರ ಮೇಲೆ ಕೆನೆಯ ಬಣ್ಣದ, ನುಣುಪಾದ ದಪ್ಪ ಪದರ. ಅದೇ ಯೀಸ್ಟ್. ಮೇಲೆ ತಿಳಿಯಾದ ಬಿಯರ್. ಮುಚ್ಚಳವನ್ನು ಸಡಿಲವಾಗಿ ಇಡಬೇಕು. ಯೀಸ್ಟ್ ಚಳಿಯಲ್ಲೂ ಅಷ್ಟಿಷ್ಟು ಅನಿಲ ಬಿಡುತ್ತಿರುತ್ತದೆ, ಬಿಗಿದ ಜಾಡಿ ಒಡೆಯಬಹುದು. ಜಾಡಿಯ ಮೇಲೆ ತಳಿಯ ಹೆಸರು, ತಾರೀಖು, ಯಾವ ಬಿಯರ್‌ನಿಂದ ತೆಗೆದದ್ದು, ಎಷ್ಟನೆಯ ತಲೆಮಾರು ಎಂಬ ಚೀಟಿ. ಒಂದರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿಟ್ಟು ಎರಡು ವಾರದೊಳಗೆ ಬಳಸಿದರೆ ಉತ್ತಮ. ತಿಂಗಳು ದಾಟಿದರೆ ಮೊದಲು ತೆಳು ವರ್ಟ್‌ನಲ್ಲಿ ಎಬ್ಬಿಸಿ, ಬೆಳೆಸಿ, ಆಮೇಲೆ ಹಾಕಬೇಕು. ಬಳಸುವ ಮುನ್ನ ಮೂಸಿ ನೋಡುವುದು ಎಲ್ಲರೂ ಮಾಡಬಹುದಾದ ಪರೀಕ್ಷೆ: ಹೊಸ ಬ್ರೆಡ್ಡಿನ, ಬಿಯರ್‌ನ ವಾಸನೆ ಬಂದರೆ ಸರಿ, ಹುಳಿಯೋ ರಬ್ಬರ್ ಸುಟ್ಟಂತೆಯೋ ಬಂದರೆ ಚೆಲ್ಲಬೇಕು.

ಈ ಜಾಡಿಯ ಸುತ್ತ ಒಂದು ದೊಡ್ಡ ವಾದವೇ ನಡೆಯಿತು. ಕುದಿಸಿ ಆರಿಸಿದ ನೀರಿನಲ್ಲಿ ಗಸಿಯನ್ನು ತೊಳೆದು, ಕೆನೆಯ ಪದರವನ್ನಷ್ಟೇ ಸಣ್ಣ ಜಾಡಿಗಳಿಗೆ ಹಂಚಿಡುವುದೇ ಸರಿ ಎಂದು ಬಹುಕಾಲ ಹೇಳಿಕೊಡಲಾಗುತ್ತಿತ್ತು. ನೋಡಲು ಅದು ಚೆಂದ, ಶುಭ್ರ. ಆದರೆ ಬಿಯರ್‌ನಲ್ಲಿರುವ ಆಲ್ಕೋಹಾಲ್, ಅದರ ಆಮ್ಲಗುಣ, ಹಾಪ್ಸ್‌ನ ಕಹಿ ಮೂರೂ ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ. ನೀರಿನಿಂದ ತೊಳೆದಾಗ ಆ ರಕ್ಷಣೆಯೂ ತೊಳೆದುಹೋಗುತ್ತದೆ. ಪ್ರತಿ ಬಾರಿ ಪಾತ್ರೆ ಬದಲಿಸಿದಾಗಲೂ ಸೋಂಕಿಗೆ ಹೊಸ ದಾರಿ ತೆರೆಯುತ್ತದೆ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಅಭಿಪ್ರಾಯ ಹೊರಳಿದೆ: ಗಸಿಯನ್ನು ಅದೇ ಬಿಯರ್‌ನಡಿ ಇಡಿ, ಕಡಿಮೆ ಮುಟ್ಟಿ, ಬೇಗ ಬಳಸಿ. ಬ್ರೂವರಿಗಳಲ್ಲಿ ಫಾಸ್ಫಾರಿಕ್ ಆಮ್ಲ ಹಾಕಿ ಪಿಎಚ್ ಅನ್ನು ಎರಡರ ಆಸುಪಾಸಿಗೆ ಇಳಿಸಿ ಬ್ಯಾಕ್ಟೀರಿಯಾ ಕೊಲ್ಲುವ ಪದ್ಧತಿ ಇದೆ; ಅದು ಬೇರೆಯೇ ಕೆಲಸ. ಕಾಡು ಯೀಸ್ಟನ್ನು ಆ ಆಮ್ಲವೂ ಕೊಲ್ಲದು. ಈ ವಿಷಯದಲ್ಲಿ ನಮ್ಮ ತೀರ್ಮಾನ ಸರಳ: ತೊಳೆಯುವುದು ಸ್ವಚ್ಛತೆಯ ಬದಲಿಯಲ್ಲ. ಮೊದಲ ದಿನದಿಂದ ಪಾತ್ರೆ, ಕೊಳವೆ, ಕೈ ಸ್ವಚ್ಛವಾಗಿದ್ದರೆ ಮಾತ್ರ ಗಸಿ ಉಳಿಸಲು ಯೋಗ್ಯ.

ಇನ್ನೊಂದು ಸುಲಭದ ದಾರಿಯೂ ಜನಪ್ರಿಯವಾಯಿತು: ಬಿಯರ್ ತೆಗೆದ ಬಕೆಟ್ಟಿಗೇ ಹೊಸ ವರ್ಟ್ ಸುರಿಯುವುದು. ಹುದುಗು ಕೆಲವೇ ಗಂಟೆಗಳಲ್ಲಿ ಭೋರ್ಗರೆದು ಏಳುತ್ತದೆ, ನೋಡಿದವರಿಗೆ ಖುಷಿಯೂ ಆಗುತ್ತದೆ. ಆದರೆ ಅಲ್ಲಿ ಬೇಕಾದ್ದಕ್ಕಿಂತ ಹಲವು ಪಟ್ಟು ಯೀಸ್ಟ್ ಇರುತ್ತದೆ. ಬೆಳೆಯಲು ಅವಕಾಶವಿಲ್ಲದ ಯೀಸ್ಟ್ ಹಣ್ಣಿನ ಪರಿಮಳ ಕೊಡುವ ಎಸ್ಟರ್‌ಗಳನ್ನು ಸರಿಯಾಗಿ ಕೊಡುವುದಿಲ್ಲ. ಹಳೆಯ ಕೋಶಗಳೇ ತುಂಬಿ, ಹಳೆಯ ಹಾಪ್ಸ್ ಕೊಳೆಯೂ ಉಳಿದು, ಎರಡು ಮೂರು ಬ್ಯಾಚುಗಳಲ್ಲಿ ಬಿಯರ್ ಮಂಕಾಗುತ್ತದೆ. ಅಳತೆಯಿಲ್ಲದ ಮರುಬಳಕೆಗೆ ಜಿಪುಣತನ ಎನ್ನಬಹುದು, ಜಾಣತನ ಎನ್ನಲಾಗದು.

ಅಳತೆ ಎಂದರೆ ಕೋಶ ಎಣಿಸುವುದಷ್ಟೇ ಅಲ್ಲ; ಯಾವ ಕೋಶಗಳನ್ನು ಆರಿಸುತ್ತೇವೆ ಎಂಬುದೂ ಅದರಲ್ಲಿ ಸೇರಿದೆ. ಮೊದಲು ತಳ ಸೇರಿದ ಯೀಸ್ಟನ್ನೇ ಪ್ರತಿ ಬಾರಿ ಎತ್ತಿದರೆ ಬೇಗ ಕೂರುವ ಗುಣ ಬಲಗೊಂಡು, ಸಕ್ಕರೆ ಮುಗಿಯುವ ಮುನ್ನವೇ ಯೀಸ್ಟ್ ಮಲಗುತ್ತದೆ. ಕೊನೆಗೆ ಕೂತದ್ದನ್ನೇ ಎತ್ತಿದರೆ ಬಿಯರ್ ತಿಳಿಯಾಗುವುದೇ ಇಲ್ಲ. ಆದ್ದರಿಂದ ಮಧ್ಯದ್ದನ್ನು ತೆಗೆಯಬೇಕು ಎಂಬುದು ಅನುಭವದ ಮಾತು. ಬಲು ಗಟ್ಟಿಯಾದ ಅಥವಾ ಬಲು ಕಹಿಯಾದ ಬಿಯರ್‌ನಿಂದ ಗಸಿ ತೆಗೆಯಬಾರದು. ಹೆಚ್ಚಿನ ಆಲ್ಕೋಹಾಲ್‌ನಲ್ಲಿ ದುಡಿದ ಯೀಸ್ಟ್ ದಣಿದಿರುತ್ತದೆ. ಹಗುರ ಬಿಯರ್‌ನಿಂದ ಗಟ್ಟಿ ಬಿಯರ್‌ಗೆ ಏರುತ್ತ ಹೋಗುವುದು ಕ್ರಮ. ಉಸಿರಾಡುವ ಶಕ್ತಿ ಕಳೆದುಕೊಂಡ ರೂಪಾಂತರಿ ಕೋಶಗಳು ಹೆಚ್ಚುತ್ತ ಹೋದರೆ ಬೆಣ್ಣೆಯ ವಾಸನೆಯ ಡೈಅಸಿಟೈಲ್ ಬಿಯರ್‌ನಲ್ಲಿ ಉಳಿಯಬಹುದು. ಪಿಷ್ಟದ ತುಣುಕುಗಳನ್ನೂ ತಿನ್ನಬಲ್ಲ ಡಯಾಸ್ಟಾಟಿಕಸ್ ತಳಿ ಸೇರಿಕೊಂಡರೆ ಬಾಟಲಿಯೊಳಗೆ ಹುದುಗುವಿಕೆ ನಿಲ್ಲದೆ ಗಾಜು ಸಿಡಿಯುವ ಅಪಾಯವೂ ಇದೆ. ಹೀಗಾಗಿ ಹಲವು ಬ್ರೂವರಿಗಳು ಐದರಿಂದ ಹತ್ತು ತಲೆಮಾರಿನ ನಂತರ ಹೊಸ ಸಂತತಿಗೆ ಮರಳುತ್ತವೆ. ಮನೆಯವರಿಗೆ ಇನ್ನೂ ಕಡಿಮೆ ಸಾಕು. ಈಚೆಗೆ ಸೂಕ್ಷ್ಮದರ್ಶಕ ಅಗ್ಗವಾಗಿ, ಗಸಿಯ ಹನಿಗೆ ಮಿಥಿಲೀನ್ ಬ್ಲೂ ಹಾಕಿ ನೋಡುವವರು ಮನೆಗಳಲ್ಲೂ ಇದ್ದಾರೆ. ಜೀವಂತ ಕೋಶ ಬಣ್ಣವನ್ನು ಕಳೆದು ತಿಳಿಯಾಗಿ ಉಳಿಯುತ್ತದೆ, ಸತ್ತದ್ದು ನೀಲಿಯಾಗುತ್ತದೆ. ಹ್ಯಾನ್ಸನ್ನನ ಕೋಣೆಯಲ್ಲಿದ್ದ ವಿವೇಕ ಮನೆಯ ಮೇಜಿಗೆ ಬಂದದ್ದನ್ನು ಈ ಅರ್ಧ ಶತಮಾನದ ದೊಡ್ಡ ಗಳಿಕೆ ಎಂದು ನಾವು ಎಣಿಸುತ್ತೇವೆ.

ಇಷ್ಟೆಲ್ಲ ಎಚ್ಚರಿಕೆಯ ನಡುವೆ ಒಂದು ಉದಾಹರಣೆಯನ್ನು ಮರೆಯಬಾರದು. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಲೂಯಿಸ್ ಊರಿನ ಹಾರ್ವೀಸ್ ಬ್ರೂವರಿ 1957ರಲ್ಲಿ ಯಾರ್ಕ್‌ಷೈರ್‌ನ ಟ್ಯಾಡ್‌ಕ್ಯಾಸ್ಟರ್‌ನಿಂದ ಯೀಸ್ಟ್ ತಂದಿತು. ಅಂದಿನಿಂದ ಅದನ್ನೇ ಬ್ಯಾಚಿನಿಂದ ಬ್ಯಾಚಿಗೆ ದಾಟಿಸುತ್ತ ಬಂದಿದೆ. ತೆರೆದ ತೊಟ್ಟಿಯ ಮೇಲೆ ದಪ್ಪ ನೊರೆಯಾಗಿ ಏಳುವ ಯೀಸ್ಟನ್ನು ಮೇಲಿನಿಂದಲೇ ಎತ್ತುವುದು ಇಂಗ್ಲಿಷ್ ಏಲ್‌ನ ಹಳೆಯ ವಿಧಾನ. ಕೆಳಗೆ ಕೊಳೆ, ಮೇಲೆ ಚುರುಕಾದ ಎಳೆಯ ಕೋಶ. ಆದ್ದರಿಂದ ಮೇಲಿನದು ನಿರ್ಮಲ. ಹತ್ತು ತಲೆಮಾರು ಎಂಬ ಗಡಿ ಯೀಸ್ಟಿನ ಆಯುಷ್ಯದ ಗಡಿಯಲ್ಲ, ನಮ್ಮ ಜೋಪಾನದ ಗಡಿ ಎಂದು ಹಾರ್ವೀಸ್ ತೋರಿಸಿಕೊಟ್ಟಿದೆ.

ಈ ಜೋಪಾನವೇ ಯೀಸ್ಟನ್ನು ರೂಪಿಸಿತು ಎಂಬುದಕ್ಕೆ 2016ರಲ್ಲಿ ಗಟ್ಟಿ ಸಾಕ್ಷಿ ಸಿಕ್ಕಿತು. ಬೆಲ್ಜಿಯಂನ ಲೂವೆನ್‌ನಲ್ಲಿ ಕೆವಿನ್ ವರ್ಸ್ಟ್ರೆಪೆನ್ ಅವರ ತಂಡ, ಗೆಂಟ್‌ನ ವಿಜ್ಞಾನಿಗಳ ಜೊತೆಗೂಡಿ, ಕೈಗಾರಿಕೆಯಲ್ಲಿ ಬಳಕೆಯಲ್ಲಿರುವ 157 ಯೀಸ್ಟ್ ತಳಿಗಳ ಜೀನೋಮ್ ಓದಿ ‘ಸೆಲ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಮನೆಬಿಯರ್ ಮಾಡುವವರಿಗೆ ಯೀಸ್ಟ್ ಮಾರುವ ವೈಟ್ ಲ್ಯಾಬ್ಸ್ ಕೂಡ ಆ ಕೆಲಸದಲ್ಲಿ ಕೈಜೋಡಿಸಿತ್ತು. ಬಿಯರ್ ಯೀಸ್ಟುಗಳು ಕಾಡಿನ ಬಂಧುಗಳಿಂದ ದೂರ ಸರಿದು ಪಳಗಿರುವುದು ಅದರಲ್ಲಿ ಸ್ಪಷ್ಟವಾಗಿ ಕಂಡಿತು. ಮಾಲ್ಟೋಟ್ರಯೋಸ್ ಎಂಬ ಮಾಲ್ಟಿನ ಸಕ್ಕರೆಯನ್ನು ಅವು ಚೆನ್ನಾಗಿ ಬಳಸುತ್ತವೆ. ಲವಂಗದಂಥ ವಾಸನೆ ತರುವ ಜೀನ್‌ಗಳನ್ನು ಹೆಚ್ಚಿನವು ಕಳೆದುಕೊಂಡಿವೆ. ಬವೇರಿಯದ ಗೋಧಿ ಬಿಯರ್‌ನಲ್ಲಿ ಆ ವಾಸನೆಯೇ ಬೇಕಾದ್ದರಿಂದ ಅಲ್ಲಿನ ಯೀಸ್ಟ್ ಅದನ್ನು ಉಳಿಸಿಕೊಂಡಿದೆ. ಲೈಂಗಿಕವಾಗಿ ವಂಶ ಬೆಳೆಸುವ ಶಕ್ತಿಯೇ ಹಲವುಗಳಲ್ಲಿ ಕುಂದಿದೆ. ವೈನ್ ಯೀಸ್ಟಿನಲ್ಲಿ ಈ ಬದಲಾವಣೆಗಳು ಅಷ್ಟಾಗಿ ಇಲ್ಲ. ದ್ರಾಕ್ಷಿ ಕೊಯ್ಲು ವರ್ಷಕ್ಕೊಮ್ಮೆ. ಉಳಿದ ಕಾಲ ಆ ಯೀಸ್ಟ್ ತೋಟದಲ್ಲಿ, ಕೀಟಗಳ ಮೈಯಲ್ಲಿ ಕಾಡಿನ ಬಾಳು ಬಾಳುತ್ತದೆ. ಬಿಯರ್ ಮಾತ್ರ ವರ್ಷವಿಡೀ ನಡೆಯುವ ಕೆಲಸ, ಆದ್ದರಿಂದ ಯೀಸ್ಟ್ ಪೀಪಾಯಿ ಬಿಟ್ಟು ಹೊರಗೆ ಹೋಗಲೇ ಇಲ್ಲ. ಈ ಪಳಗುವಿಕೆ ಶುರುವಾದದ್ದು 1600ರ ಹಿಂದುಮುಂದು ಎಂದು ಅಧ್ಯಯನ ಅಂದಾಜಿಸಿತು. ಲೇವೆನ್‌ಹುಕ್ ಇನ್ನೂ ಹುಟ್ಟಿರದ ಕಾಲ ಅದು. ಬಿಯರ್ ಯೀಸ್ಟನ್ನು ಬಿಯರ್ ಯೀಸ್ಟ್ ಮಾಡಿದ್ದೇ ಮರುಬಳಕೆ. ಗಸಿ ಎತ್ತಿಟ್ಟ ಹೆಸರಿಲ್ಲದ ಲಕ್ಷಾಂತರ ಕೈಗಳು ಆ ಜೀವಿಯನ್ನು ಪಳಗಿಸಿದವು.

ಆ ಅಧ್ಯಯನ ಬಂದ ಕಾಲದಲ್ಲೇ ನಾರ್ವೆಯಿಂದ ಇನ್ನೊಂದು ಸಾಕ್ಷಿ ಬಂತು. ಲಾರ್ಸ್ ಮರಿಯಸ್ ಗಾರ್ಶೋಲ್ ಎಂಬ ಲೇಖಕ ಅಲ್ಲಿನ ಪಶ್ಚಿಮದ ಹಳ್ಳಿಗಳಲ್ಲಿ ಸುತ್ತಾಡಿ, ವೋಸ್, ಹೋರ್ನಿನ್‌ಡಾಲ್ ಮುಂತಾದ ಕಡೆ ರೈತ ಕುಟುಂಬಗಳು ತಮ್ಮದೇ ಯೀಸ್ಟನ್ನು ಇಂದಿಗೂ ಉಳಿಸಿಕೊಂಡಿರುವುದನ್ನು ಜಗತ್ತಿಗೆ ತಿಳಿಸಿದರು. ಅದರ ಹೆಸರು ಕ್ವೈಕ್. ಮರದ ಪುಟ್ಟ ತುಂಡುಗಳನ್ನು ಹೆಣೆದ ಬಳೆಯಂಥ ಸಾಧನವನ್ನು ನೊರೆಗೋ ಗಸಿಗೋ ಅದ್ದಿ, ನೇತುಹಾಕಿ ಒಣಗಿಸಿ, ಮುಂದಿನ ಹಬ್ಬಕ್ಕೆ ಅದೇ ಬಳೆಯನ್ನು ವರ್ಟ್‌ಗೆ ಇಳಿಸುತ್ತಿದ್ದರು. ಒಬ್ಬರದು ಕೆಟ್ಟರೆ ನೆರೆಮನೆಯಿಂದ ತರುತ್ತಿದ್ದರು. ಕ್ವೈಕ್ 30ರಿಂದ 40 ಡಿಗ್ರಿ ಶಾಖದಲ್ಲೂ ಕೆಟ್ಟ ವಾಸನೆಯಿಲ್ಲದೆ, ಕೆಲವೇ ದಿನಗಳಲ್ಲಿ ಕೆಲಸ ಮುಗಿಸುತ್ತದೆ. ಸಾಮಾನ್ಯ ಏಲ್ ಯೀಸ್ಟ್ ಕೆಲಸ ಮಾಡುವುದು 20 ಡಿಗ್ರಿಯ ಆಸುಪಾಸಿನಲ್ಲಿ. ಕ್ವೈಕ್ ಪಳಗಿದ ಬಿಯರ್ ಯೀಸ್ಟಿನದೇ ಬೇರೊಂದು ಗುಂಪು ಎಂದು ಕೆನಡಾದ ಗ್ವೆಲ್ಫ್‌ನ ಸಂಶೋಧಕರು 2018ರಲ್ಲಿ ತೋರಿಸಿದರು. ಯಾವ ಪ್ರಯೋಗಾಲಯವೂ ತಯಾರಿಸದ ಈ ಗುಣ ರೈತರ ಮನೆಯಲ್ಲಿ ಉಳಿದುಬಂದಿತ್ತು. ಇಂದು ಕ್ವೈಕ್ ಒಣ ಪೊಟ್ಟಣದಲ್ಲೂ ಮಾರಾಟಕ್ಕಿದೆ. ಮಾರುವುದರಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ತಲೆಮಾರುಗಳ ಕಾಲ ಕಾಪಾಡಿದ ಕಣಿವೆಯ ಹೆಸರು ಪೊಟ್ಟಣದ ಮೇಲಿರಬೇಕು, ಅಲ್ಲಿನ ಮನೆಗಳಿಗೆ ಗೌರವವೂ ಪಾಲೂ ಸಿಗಬೇಕು ಎಂಬುದು ನಮ್ಮ ನಿಲುವು.

ನಷ್ಟದ ಬದಿಯನ್ನೂ ಬರೆಯಬೇಕು. ಇಂಗ್ಲೆಂಡಿನ ಬರ್ಟನ್ ಊರಿನಲ್ಲಿ ಬಿಯರ್‌ನಿಂದ ಯೀಸ್ಟನ್ನು ಬೇರ್ಪಡಿಸುವ ಒಂದು ವ್ಯವಸ್ಥೆ ಇತ್ತು. ಸಾಲಾಗಿ ಜೋಡಿಸಿದ ಮರದ ಪೀಪಾಯಿಗಳಿಂದ ಹುದುಗುವ ಬಿಯರ್‌ನ ನೊರೆ ಬಾಗಿದ ಕೊಳವೆಗಳ ಮೂಲಕ ಮೇಲಿನ ತೊಟ್ಟಿಗೆ ಏರುತ್ತದೆ. ಬಿಯರ್ ಕೆಳಗೆ ಹರಿದು ಮರಳುತ್ತದೆ, ಯೀಸ್ಟ್ ತೊಟ್ಟಿಯಲ್ಲಿ ಉಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಈ ಬರ್ಟನ್ ಯೂನಿಯನ್ ಪದ್ಧತಿಯನ್ನು ಕೊನೆಯವರೆಗೆ ಉಳಿಸಿಕೊಂಡಿದ್ದ ಮಾರ್ಸ್ಟನ್ಸ್ ಬ್ರೂವರಿ 2024ರಲ್ಲಿ ಅದನ್ನು ನಿಲ್ಲಿಸಿತು. ಡರ್ಬಿಷೈರ್‌ನ ಥಾರ್ನ್‌ಬ್ರಿಜ್ ಬ್ರೂವರಿ ಒಂದು ಜೋಡಣೆಯನ್ನು ಕೊಂಡೊಯ್ದು ಮತ್ತೆ ನಡೆಸುತ್ತಿರುವುದು ಸಮಾಧಾನದ ಸುದ್ದಿ. ಮುಚ್ಚಿದ ಬ್ರೂವರಿಗಳ ಜೊತೆ ಮಣ್ಣಾದ ತಳಿಗಳು ಎಷ್ಟೋ. ಯೀಸ್ಟ್ ಬ್ಯಾಂಕುಗಳ ಬೆಲೆ ತಿಳಿಯುವುದು ಆಗಲೇ. ಲಂಡನ್ನಿನ ಟ್ರೂಮನ್ ಬ್ರೂವರಿ 1989ರಲ್ಲಿ ಮುಚ್ಚಿತು. ಆದರೆ 1958ರಲ್ಲಿ ಅದರ ಯೀಸ್ಟನ್ನು ರಾಷ್ಟ್ರೀಯ ಸಂಗ್ರಹದಲ್ಲಿ ಇಟ್ಟಿದ್ದರು. ಹೊಸಬರು ಆ ಹೆಸರನ್ನು ಎಬ್ಬಿಸಿದಾಗ ನಾರಿಚ್‌ನಲ್ಲಿದ್ದ ಆ ಸಂಗ್ರಹದಿಂದ ಹಳೆಯ ಯೀಸ್ಟೇ ಮರಳಿ ಸಿಕ್ಕಿತು.

ನಮ್ಮ ಕಡೆಗೂ ಒಮ್ಮೆ ನೋಡೋಣ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ; ಮನೆಬಿಯರ್ ಇಲ್ಲಿ ಹವ್ಯಾಸವಾಗಲಾರದು, ಆ ನಿಯಮ ಮೀರಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಈ ದಾರಿ ತೆರೆದಿದೆ. ಬೆಂಗಳೂರಿನಲ್ಲಿ 2010ರ ಸುಮಾರಿಗೆ ಮೈಕ್ರೋಬ್ರೂವರಿಗಳು ಬಂದ ಮೇಲೆ, ಕೋನಾಕಾರದ ಟ್ಯಾಂಕಿನ ತಳದಿಂದ ಯೀಸ್ಟ್ ತೆಗೆದು ಮುಂದಿನ ಟ್ಯಾಂಕಿಗೆ ದಾಟಿಸುವ ವಿದ್ಯೆ ನಮ್ಮ ಹುಡುಗ ಹುಡುಗಿಯರ ಕಸುಬಿನ ಭಾಗವೂ ಆಗಬಲ್ಲದು. ಇದಕ್ಕಿಂತ ದೊಡ್ಡ ನಿಧಿ ನಮ್ಮ ದೇಶದ ಈಶಾನ್ಯದಲ್ಲಿದೆ. ಸಿಕ್ಕಿಂನ ಹೆಂಗಸರು ಅಕ್ಕಿಹಿಟ್ಟಿಗೆ ಚಿತ್ರಮೂಲದ ಬೇರು ಮೊದಲಾದವನ್ನು ಕುಟ್ಟಿ ಸೇರಿಸಿ, ಬಿಲ್ಲೆ ತಟ್ಟಿ, ಮೇಲೆ ಹಳೆಯ ಬಿಲ್ಲೆಯ ಪುಡಿ ಉದುರಿಸಿ, ಜರೀಗಿಡದ ಎಲೆಯಲ್ಲಿ ಮುಚ್ಚಿಟ್ಟು ಒಣಗಿಸುತ್ತಾರೆ. ಆ ಮರ್ಚಾ ಬಿಲ್ಲೆಯಿಂದಲೇ ರಾಗಿಯ ‘ಕೋದೊ ಕೊ ಜಾಂಡ್’ ತಯಾರಾಗುತ್ತದೆ. ಅದರೊಳಗೆ ಬೂಷ್ಟು, ಯೀಸ್ಟ್, ಬ್ಯಾಕ್ಟೀರಿಯಾ ಮೂರೂ ಕೂಡಿ ಬಾಳುತ್ತವೆ ಎಂಬುದನ್ನು ಸಿಕ್ಕಿಂನ ವಿಜ್ಞಾನಿ ಜ್ಯೋತಿಪ್ರಕಾಶ್ ತಮಾಂಗ್ ದೀರ್ಘಕಾಲ ಅಧ್ಯಯನ ಮಾಡಿ ದಾಖಲಿಸಿದ್ದಾರೆ. ಪುಣೆಯಲ್ಲೂ ಚಂಡೀಗಢದಲ್ಲೂ ನಮ್ಮ ಸೂಕ್ಷ್ಮಜೀವಿ ಸಂಗ್ರಹಗಳಿವೆ. ಕ್ವೈಕ್‌ಗೆ ಸಿಕ್ಕಷ್ಟು ಗಮನ ಮರ್ಚಾಕ್ಕೂ ಸಿಗಬೇಕು, ಆ ಹೆಂಗಸರ ಹೆಸರಿನಲ್ಲೇ ಸಿಗಬೇಕು.

ಲೆಕ್ಕ ಮುಗಿಸುವ ಹೊತ್ತು. ಗಳಿಕೆಯ ಕಡೆ ಮೂರು ಸಂಗತಿಗಳಿವೆ: ಭಯದ ಜಾಗಕ್ಕೆ ತಿಳಿವಳಿಕೆ ಬಂತು, ಅಂದಾಜಿನ ಜಾಗಕ್ಕೆ ಎಣಿಕೆ ಬಂತು, ಮರೆತುಹೋಗುತ್ತಿದ್ದ ಮನೆಯ ಯೀಸ್ಟುಗಳಿಗೆ ಮರುಜೀವ ಬಂತು. ನಷ್ಟದ ಕಡೆ ಮುಚ್ಚಿದ ಬ್ರೂವರಿಗಳ ತಳಿಗಳಿವೆ, ಮೂಲ ಹೇಳದೆ ಮಾರುವ ಪೊಟ್ಟಣಗಳಿವೆ, ಒಣ ಯೀಸ್ಟ್ ಉತ್ತಮವಾಗಿ, ಅಗ್ಗವಾಗಿ ಸಿಗುವುದರಿಂದ ಬಳಸಿ ಚೆಲ್ಲುವ ಅಭ್ಯಾಸ ಮತ್ತೆ ಬೆಳೆಯುತ್ತಿರುವುದಿದೆ. ಹಣ ಉಳಿಸುವುದೊಂದೇ ಕಾರಣವಾಗಿದ್ದರೆ ಗಸಿಯ ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಎರಡನೆಯ, ಮೂರನೆಯ ತಲೆಮಾರಿನ ಯೀಸ್ಟ್ ಪೊಟ್ಟಣದಿಂದ ಬಂದದ್ದಕ್ಕಿಂತ ಚುರುಕಾಗಿ ದುಡಿಯುತ್ತದೆ ಎಂದು ಬ್ರೂವರ್‌ಗಳು ಬಲ್ಲರು. ಅದನ್ನು ಕಂಡವನಿಗೆ ಯೀಸ್ಟ್ ಅಂಗಡಿಯ ಸಾಮಾನಾಗಿ ಉಳಿಯುವುದಿಲ್ಲ, ಸಾಕಬೇಕಾದ ಜೀವವಾಗುತ್ತದೆ.

ಮುಂದಿನ ಐವತ್ತು ವರ್ಷಕ್ಕೆ ನಮ್ಮ ಬೇಡಿಕೆ ಮೂರೇ. ಗಸಿ ಉಳಿಸುವವರು ಪ್ರತಿ ಜಾಡಿಗೂ ಚೀಟಿ ಅಂಟಿಸಲಿ, ಪ್ರತಿ ತಲೆಮಾರನ್ನೂ ಬರೆದಿಡಲಿ. ದಾಖಲೆಯಿಲ್ಲದ ಯೀಸ್ಟ್ ಒಬ್ಬರ ಜೊತೆಗೇ ಮುಗಿದುಹೋಗುತ್ತದೆ. ಯೀಸ್ಟ್ ಮಾರುವವರು ತಳಿ ಎಲ್ಲಿಂದ ಬಂತು, ಯಾರು ಕಾಪಾಡಿದರು ಎಂದು ಬಹಿರಂಗವಾಗಿ ಹೇಳಲಿ. ವಿಶಿಷ್ಟ ತಳಿ ಇರುವ ಮನೆಗಳೂ ಬ್ರೂವರಿಗಳೂ ಅದರ ಒಂದು ಪಾಲನ್ನು ಸಾರ್ವಜನಿಕ ಸಂಗ್ರಹಕ್ಕೆ ಕೊಡಲಿ. ಸೆಡ್ಲ್‌ಮಯರ್ ಕೊಟ್ಟ, ಜೇಕಬ್‌ಸನ್ ಹಂಚಿದ, ಹ್ಯಾನ್ಸನ್ ಶುದ್ಧಮಾಡಿದ. ಕೊಡುವುದು, ಹಂಚುವುದು, ಶುದ್ಧವಾಗಿಡುವುದು ಈ ಮೂರೂ ಒಟ್ಟಿಗೆ ನಡೆದಾಗಲೇ ಬಿಯರ್ ಮುಂದೆ ಸಾಗಿದೆ. ಇವುಗಳಲ್ಲಿ ಒಂದನ್ನೂ ಬಿಡದಿರುವ ಹೊಣೆ ಈಗ ಮನೆಯಲ್ಲಿ ಬಿಯರ್ ಮಾಡುವವರ ಮೇಲಿದೆ. ಅದನ್ನು ಹೊರುವಷ್ಟು ವಿದ್ಯೆ ಅವರ ಕೈಯಲ್ಲಿದೆ.